ನಲವತ್ತೊಂದನೆಯ ಮೊನೆ

ಬಾಣಾವರಕ್ಕೆ ಆ ಹೆಸರು ಹೇಗೆ ಬಂತೆಂದು
ಬಸ್‌ಸ್ಟ್ಯಾಂಡಿನ ಹೂವಿನವಳೂ ಹೇಳುತ್ತಾಳೆ:
ಕಾಡು ತಿರುಗಿ ಇಲ್ಲಿಗೆ ಬಂದಾಗ ತಮ್ಮ ಅಣ್ಣನಿಗೆಂದನಂತೆ,
'ಬಾಣವ ಹೊರೆ.'
ಹೊರಲಾರೆನೆಂದು ಕೆಳಗಿಟ್ಟವರು
ಇನ್ನೂ ಯಾರು ಯಾರೋ ಇದ್ದರಮ್ಮ, ಎನ್ನಲಿಲ್ಲ ನಾನು.
ಮೊಳ ಕನಕಾಂಬರ ಕೊಂಡು ಹೊರಟೆ,
ಬಿಸ್ಕತ್ತಿನ ಡಬ್ಬಿಯಲ್ಲಿ ಐವತ್ತೆಂಟು ಕಲ್ಲಮೊನೆ.

ಈರಬೊಮ್ಮ ಆರಿಸಿ ತಂದದ್ದು,
ಕುರಿ ಮೇಯುವ ದಿಣ್ಣೆಯಲ್ಲಿ, ಜಲ್ಲಿಗೆ ಅಗೆದ ಕಡೆ.
ಬೆಣಚುಕಲ್ಲು. ಹಾಲುಹಲ್ಲಿನಂಥವು ಕೆಲವು,
ಕೆಲವು ಬೆಲ್ಲದ ಪಾಕ ಗಟ್ಟಿಕಟ್ಟಿದ ಹಾಗೆ.
ಒಂದರ ತುದಿ ಈಗಲೂ ಬೆರಳು ಕೊಯ್ಯುತ್ತದೆ;
ಕೊಯ್ದು ತೋರಿಸಿದ, ನಗುತ್ತ.
'ಯಾವುದು ಎಲ್ಲಿ ಸಿಕ್ಕಿತು?'
'ಅಲ್ಲೇ ಅಕ್ಕ, ಅತ್ತಾಗೆ.'
ಅತ್ತಾಗೆ ಎಂಬುದಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ.

ಬಾಡಿಗೆ ಕೋಣೆ. ಕಪ್ಪು ಬಟ್ಟೆ, ಪಕ್ಕಕ್ಕೆ ಅಳತೆಪಟ್ಟಿ.
ಕಲ್ಲಿಗೊಂದು ಫೋಟೊ, ನೆಟ್ಟಗೆ ನೆತ್ತಿಯಿಂದ.
ಫೋಟೊಗೆ ಹದಿನಾರು ಚುಕ್ಕಿ:
ತುದಿಗೆ ಒಂದು, ಹೆಗಲಿಗೆ ಎರಡು,
ಕೋಲಿಗೆ ಕಟ್ಟುತ್ತಿದ್ದ ಬುಡಕ್ಕೆ ಮೂರು, ಉಳಿದವು ಅಂಚಿಗೆ.
ರಂಗೋಲಿ ಇಟ್ಟ ಕೈಗೆ ಇದೇನು ಹೊಸದಲ್ಲ,
ಚುಕ್ಕಿ ನನ್ನದು, ಗೆರೆ ಯಂತ್ರದ್ದು.
ಆಮೇಲೆ ಯಂತ್ರ ಕಳೆಯುತ್ತ ಹೋಗುತ್ತದೆ.
ಇದ್ದ ಜಾಗ ಕಳೆ.
ತಿರುಗಿ ನಿಂತ ದಿಕ್ಕು ಕಳೆ.
ದೊಡ್ಡದು ಚಿಕ್ಕದೆಂಬುದ ಕಳೆ.
ತೂಕ, ಬಣ್ಣ, ಈರಬೊಮ್ಮನ ಬೆರಳಿನ ರಕ್ತ
ಮೊದಲೇ ಲೆಕ್ಕದಲ್ಲಿರಲಿಲ್ಲ.
ಕಳೆದು ಕಳೆದು ಇನ್ನು ಕಳೆಯಲಾಗದ್ದಕ್ಕೆ
ಆಕಾರ ಎಂದು ಹೆಸರು.

ನಾಲ್ಕನೇ ರಾತ್ರಿ ಪರದೆಯ ಮೇಲೆ ಎರಡು ಗುಂಪು.
ಎಡಕ್ಕೆ ಬಿದಿರೆಲೆಯಂತೆ ನೀಳವಾದವು,
ಬಲಕ್ಕೆ ಹೆಗಲಗಲದ ಗಿಡ್ಡವು,
ನಡುವೆ ಬೆಳ್ಳಗೆ ಖಾಲಿ.
ಎರಡು ಬಗೆ, ಎಂದು ಬರೆದೆ.
ಬರೆದ ಕೈ ಅಲ್ಲಿಗೆ ನಿಲ್ಲಲಿಲ್ಲ: ಎರಡು ಜನ, ಎರಡು ಕಾಲ,
ಇವರು ಬಂದರು, ಅವರು ಹೋದರು.
ಗುರುಶಾಂತಪ್ಪ ಮೇಷ್ಟ್ರು ಫೋನಿನಲ್ಲಿ
'ಅವಸರ ಬೇಡಮ್ಮ' ಎನ್ನುವಷ್ಟರಲ್ಲಿ
ಪುಟ ತುಂಬಿತ್ತು.

ಭಾನುವಾರ ಈರಬೊಮ್ಮನ ಟಗರು
ದಸ್ತಗೀರ್ ಸಾಬರ ಅಂಗಡಿಯಲ್ಲಿ ತೂಗುತ್ತಿತ್ತು.
ಸಾಲಿನಲ್ಲಿ ನಿಂತವಳು ಕಂಡೆ ಅವರ ಚೂರಿಗಳ:
ಒಂದು ಮೊಳದುದ್ದ. ಒಂದು ಗೇಣು.
ಇನ್ನೊಂದು ಅಂಗೈಯಲ್ಲೇ ಅಡಗುವ ಮೋಟು.
'ಬೇರೆ ಬೇರೆ ಕಡೆ ಮಾಡಿಸಿದ್ದಾ?'
'ಒಂದೇ ಕುಲುಮೆ, ಒಂದೇ ಅಳತೆ,' ಎಂದರು
ಎಲುಬಿನಿಂದ ಕಣ್ಣೆತ್ತದೆ.
'ಇದು ಹೋದ ರಂಜಾನಿಂದು. ಇದು ನನ್ನ ಮದುವೆ ವರ್ಷದ್ದು.
ಇದು ಅಬ್ಬಾ ಹಿಡಿದದ್ದು, ಸಾಣೆ ತಿಂದು ಇಷ್ಟಾಗಿದೆ.
ಅಲಗು ಸವೀತದೆ. ಹಿಡಿಯನ್ನ ಯಾರು ಮಸೀತಾರೆ?
ಎಷ್ಟು, ಅರ್ಧವಾ ಒಂದಾ?'

ಆ ರಾತ್ರಿ ಹದಿಮೂರು ಚುಕ್ಕಿ ಅಳಿಸಿ
ಬುಡದ ಮೂರನ್ನೇ ಇಟ್ಟು ನೋಡಿದೆ.
ನಡುವಿನ ಬಿಳಿ ತುಂಬಿಕೊಂಡಿತು,
ಚೀಲ ಹರಿದು ರಾಗಿ ಹರಡಿದಂತೆ.
ನೀಳವಾದದ್ದು ಹೊಸದು. ಗಿಡ್ಡವಾದದ್ದು
ಮುರಿದು, ಕೆತ್ತಿ, ಎಸೆದು, ಹುಡುಕಿ ತಂದು, ಮತ್ತೆ ಕೆತ್ತಿದ್ದು.
ಎರಡು ಜನವಲ್ಲ,
ಒಂದೇ ಮೊನೆಯ ಪ್ರಾಯ ಮತ್ತು ಮುಪ್ಪು.
ಇರಬಹುದು. ಮೂರೇ ಚುಕ್ಕಿಯ ಮೇಲೆ
ಎಷ್ಟೆಂದು ಹೊರಿಸಲಿ?

ನಲವತ್ತೊಂದನೆಯದು ಮಾತ್ರ ಎರಡು ಸಲವೂ
ಮೂಲೆಯಲ್ಲಿ ಒಂಟಿ. ಬುಡವೇ ವಾರೆ,
ಎಡ ಹೆಗಲು ಮೇಲಕ್ಕೆ, ತುದಿ ಮೊಂಡು.
ಎಡಚನೋ. ಕಲಿಯುತ್ತಿದ್ದ ಮಗುವೋ.
ಇಲ್ಲ ನನ್ನ ಚುಕ್ಕಿಯೇ ತಪ್ಪೋ; ಮೂರು ಸಲ ಇಟ್ಟು ನೋಡಿದೆ.
'ತೆಗೆದುಬಿಡು, ಚಿತ್ರ ಚೊಕ್ಕಟವಾಗುತ್ತೆ,' ಎಂದರು ಮೇಷ್ಟ್ರು.
ಹೂಂ ಎಂದೆ. ತೆಗೆಯಲಿಲ್ಲ.

ಬೆಳಿಗ್ಗೆ ಬಾಗಿಲಲ್ಲಿ ಈರಬೊಮ್ಮ,
ಟವೆಲ್ಲಿನ ಗಂಟಿನಲ್ಲಿ ಇನ್ನೂ ಏಳು,
ಬೆರಳಿಗೆ ಬಟ್ಟೆ.
ಎಲ್ಲಿ, ಎಂದು ಈ ಸಲ ಕೇಳಲಿಲ್ಲ.
ಚಪ್ಪಲಿ ಮೆಟ್ಟಿದೆ.